ಗ್ಲೆನಿಸ್ ಹೊತ್ತು ತಿರುಗುವ ಪುಸ್ತಕಗಳು
ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ ಬಾಗಿಲು ಮುಚ್ಚಿದ ಉಣ್ಣೆ ಗಿರಣಿಯೊಂದು ಗ್ಲೆನಿಸ್‌ಗೆ ಮೂರು ವಾರದ ಸಂಬಳ ಇನ್ನೂ ಕೊಡಬೇಕು. ಅದರ ಬದಲಿಗೆ ಅವಳು ಹೊತ್ತು ತಂದದ್ದು ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯ ನಲವತ್ತು ಪುಸ್ತಕ. ಶುಕ್ರವಾರ ಪುಸ್ತಕಕ್ಕೆ ಜಾಗವಿಲ್ಲದ ಒಂಟಿ ಕೋಣೆಗೆ ಮನೆ ಬದಲಿಸಬೇಕಾದ ಈ ಮುದುಕಿ ಕೂತಲ್ಲಿ ಕೂರುತ್ತಿಲ್ಲ. ಬೇಕಾದವರು ಪುಕ್ಕಟೆ ಒಯ್ಯಲೆಂದು ಜನ ಬೇಲಿಗಳಿಗೆ ಕಟ್ಟಿದ ಪುಸ್ತಕದ ಪೆಟ್ಟಿಗೆಗಳಿಗೆ ಬೆಳಿಗ್ಗೆ ಅವನ್ನು ತುರುಕುತ್ತಾಳೆ. ಯಾರೂ ಮುಟ್ಟಲಿಲ್ಲವೆಂದು ಬೈಯುತ್ತ ಸಂಜೆ ಇನ್ನೊಂದು ಬೀದಿಗೆ ಸಾಗಿಸುತ್ತಾಳೆ. ದಾನ ಬಂದ ಹಳೇ ಸಾಮಾನು ಮಾರುವ ಅಂಗಡಿಯ ನೊರೀನ್, "ಬೈಬಲ್ಲೇ ಯಾರೂ ಒಯ್ತಿಲ್ಲ ಕಣೇ, ಇದನ್ನ ರದ್ದಿಗೆ ಹಾಕು" ಅಂದರೆ, "ನಿನ್ನ ಬ್ಯಾಂಕು ಇವತ್ತೂ ಈ ಭಾಷೇಲೇ ಉಸಿರಾಡೋದು, ತೆಪ್ಪಗಿರು" ಅನ್ನುತ್ತಾಳೆ. ಯಾವುದೇ ಪುಸ್ತಕ ತೆರೆಯಿರಿ, ಪುಟದಂಚಿನ ತುಂಬ ಗ್ಲೆನಿಸ್ ಸೇರಿ ಹನ್ನೊಂದು ಹೆಂಗಸರು ಹೆಸರು ಸಮೇತ ಪೆನ್ಸಿಲ್ಲಿನಲ್ಲಿ ಬರೆದ ತಿದ್ದುಪಡಿಗಳಿವೆ. ಗಿರಣಿಯ ಕಂಪ್ಯೂಟರ್ ನಡೆಸಿದವರು ಇವರೆಂಬುದಕ್ಕೆ ಬೇರೆ ದಾಖಲೆಯಿಲ್ಲ. ನಿಮ್ಮ ಕಪಾಟಿನಲ್ಲಿ ಗೇಣು ಜಾಗ ಮಾಡಿ, ಗುರುವಾರದೊಳಗೆ ಗ್ಲೆನಿಸ್ ಮನೆಗೆ ಬಂದು ಒಂದನ್ನಾದರೂ ಒಯ್ಯಿರಿ.