ಎಡದಂಚು ಮೇಲಿರಬೇಕು

ಕ್ಯೋಟೋದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮದುವಣಗಿತ್ತಿಯರಿಗೆ ಕಿಮೋನೋ ಉಡಿಸುತ್ತಿದ್ದವರು. ಬೇಸಿಗೆಯ ಮಧ್ಯಾಹ್ನ ಕರ್ಟನ್ ಎಳೆದು, ಹಳೆಯ ಹಾಲಿವುಡ್ ಸಿನಿಮಾ ಹಾಕಿ ನನ್ನನ್ನೂ ಕರೆಯುತ್ತಿದ್ದರು. ಟೀವಿಯ ಬೆಳಕಿನಲ್ಲಿ ಆ ಕೋಣೆ ಕೆರೆಯ ತಳದಂತೆ ಮೆಲ್ಲಗೆ ಅಲುಗುತ್ತಿತ್ತು. ಯಾರೋ ಬಿಳಿಯ ನಟಿ ಕಣ್ಣಂಚನ್ನು ಎಳೆದು ಅಂಟಿಸಿಕೊಂಡು, ಜಪಾನೀ ಹುಡುಗಿಯಾಗಿ ತಲೆ ತಗ್ಗಿಸಿ ಪುಟಪುಟನೆ ನಡೆಯುತ್ತಿದ್ದಳು. ನನಗೆ ಆ ಮುಖ ನೋಡಿಯೇ ಮೈ ಉರಿಯುತ್ತಿತ್ತು. ಅಜ್ಜಿ ಮಾತ್ರ ಅವಳ ಎದೆಯ ಮೇಲಿನ ಮಡಿಕೆಯನ್ನೇ ನೋಡುತ್ತಿದ್ದರು.

“ಪಾಪ, ಇವಳು ಆಗಲೇ ಸತ್ತುಹೋಗಿದಾಳೆ,” ಎನ್ನುತ್ತಿದ್ದರು.

ಕಿಮೋನೋದ ಎಡದಂಚು ಮೇಲೆ ಬರಬೇಕು. ಬಲದಂಚನ್ನು ಮೇಲೆ ತರುವುದು ಹೆಣಕ್ಕೆ ಉಡಿಸುವಾಗ ಮಾತ್ರ. ಕೂತಲ್ಲೇ ಅಜ್ಜಿಯ ಬೆರಳುಗಳು ಗಾಳಿಯಲ್ಲಿ ಆ ಮಡಿಕೆಯನ್ನು ಬಿಚ್ಚಿ ಸರಿಮಾಡುತ್ತಿದ್ದವು.

ಒಮ್ಮೆ ಊರಹಬ್ಬಕ್ಕೆಂದು ನಾನೇ ಕಿಮೋನೋ ಉಟ್ಟು ಹೊರಟೆ. ಸೀರೆ ಉಟ್ಟು ರೂಢಿಯಾದ ಕೈ ತನ್ನಷ್ಟಕ್ಕೆ ಬಲದಂಚನ್ನು ಎಡದಂಚಿನ ಮೇಲೆ ತಂದುಬಿಟ್ಟಿತ್ತು. ಅಜ್ಜಿ ಬರಿಗಾಲಲ್ಲಿ ಬೀದಿಗೆ ಓಡಿಬಂದರು.

“ಸುಮಿಮಾಸೆನ್, ತಪ್ಪಾಯ್ತು, ನಮ್ ಸೀರೆ ಸೆರಗು ಹೀಗೇ ಬರೋದು,” ಎಂದೆ, ನನ್ನ ಹರಕು ಜಪಾನೀ ಭಾಷೆಯಲ್ಲಿ.

“ಸಿನಿಮಾದವಳು ನನ್ನ ಕೈಗೆ ಸಿಗಲ್ಲ. ನೀನು ಸಿಗ್ತೀಯಲ್ಲ, ಬಾ,” ಎಂದು ಒಳಗೆಳೆದುಕೊಂಡು ಹೋಗಿ, ಬಿಚ್ಚಿ, ಎಡದಂಚನ್ನು ಮೇಲೆ ತಂದು ಅಂಗೈಯಿಂದ ಸವರಿದರು.

ಈ ವಸಂತದಲ್ಲಿ ಅಜ್ಜಿ ತೀರಿಕೊಂಡರು. ಪೆಟ್ಟಿಗೆಯಲ್ಲಿ ಬಿಳಿಯ ಕಿಮೋನೋ ಉಟ್ಟು ಮಲಗಿದ್ದರು. ಬಲದಂಚು ಮೇಲಿತ್ತು. ಉಡಿಸಿದವರು ಸರಿಯಾಗಿಯೇ ಉಡಿಸಿದ್ದರು. ಆದರೂ ನಿಂತಲ್ಲೇ ನನ್ನ ಬೆರಳುಗಳು ಗಾಳಿಯಲ್ಲಿ ಆ ಮಡಿಕೆಯನ್ನು ಬಿಚ್ಚತೊಡಗಿದ್ದವು.