ಫ್ಲಾಪಿಗೂ ಬಿತ್ತು ಕುಂಕುಮ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಈಳಿಗೆಮಣೆ, ಹೊಲಿಗೆ ಮೆಷಿನ್ನು, ನನ್ನ ಮುದಿ ಸ್ಕೂಟರು ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಈ ಸಲ ಫ್ಲಾಪಿಗೂ ಬಿತ್ತು.

ಫ್ಲಾಪಿ ಗೊತ್ತಲ್ಲ? (ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ಮೊನ್ನೆಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ.) ಕಪ್ಪು ಹೊದಿಕೆಯ ತೆಳ್ಳನೆಯ ತಟ್ಟೆ. ಕಂಪ್ಯೂಟರಿನ ಬುದ್ಧಿಯೆಲ್ಲ ಅದರೊಳಗೆ.

ನನ್ನ ಮಗಳು ಸುಧಾಗೆ ಎಂಜಿನಿಯರಿಂಗ್ ಕೊನೆಯ ವರ್ಷ. ತಗಡು, ಮೋಟಾರು ಸೇರಿಸಿ ರೋಬೋ ಕೈಯೊಂದನ್ನು ಮಾಡಿದ್ದಾಳೆ. ಕೀಬೋರ್ಡಿನಲ್ಲಿ ಅಪ್ಪಣೆ ಕೊಟ್ಟರೆ ಅದು ನಿಂಬೆಹಣ್ಣು ಎತ್ತಬೇಕು. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕಮ್ಮ, ಲೈಬ್ರರಿಯಲ್ಲಿ ಕೂತು ರಿಪೋರ್ಟ್ ಬರೀರಿ ಎಂದಿದ್ದರಂತೆ ಅವರ ವಿಭಾಗದ ಮುಖ್ಯಸ್ಥರು. ಇವಳು ಹಟ ಹಿಡಿದಳು. ಸರಿ, ದಸರಾ ರಜ ಮುಗಿದ ಸೋಮವಾರ ಕೈ ಆಡದಿದ್ದರೆ ಪ್ರಾಜೆಕ್ಟು ಹುಡುಗರಿಗೆ ಎಂದು ಷರತ್ತು. ಕಾಲೇಜಿನ ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಜಯನಗರಕ್ಕೆ ತಂದಳು.

ಗುಂಡಿ ಒತ್ತಿದರೆ ರೋಬೋ ಕುಣಿಯುತ್ತದೆ ಎಂದುಕೊಂಡಿದ್ದೆ. ಎಲ್ಲಿ ಬಂತು! ಪರದೆಯ ಮೇಲೆ ಹಸಿರು ಗೆರೆಯೊಂದು ಮಿಣಮಿಣ ಎನ್ನುತ್ತದೆ, ಅಷ್ಟೇ. ಒಂದು ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಬೇಕು, ಇನ್ನೊಂದರಿಂದ ಅದಕ್ಕೆ ತಿಳಿಯುವ ಭಾಷೆ ತುಂಬಬೇಕು, ಆಮೇಲೆ ಮೂರನೆಯದರಿಂದ ಮೋಟಾರಿನ ಪ್ರೋಗ್ರಾಂ. ಅಡುಗೆಗೆ ಮುಂಚೆ ಒಲೆ ಹಚ್ಚಿ ಪಾತ್ರೆ ಹೊಂದಿಸಿಕೊಂಡ ಹಾಗೆ. ರಜ ಶುರುವಾದಾಗಿನಿಂದ ಸುಧಾ ಅದನ್ನೇ ಮಾಡುತ್ತಿದ್ದಳು.

ನನ್ನ ಹೆಂಡತಿ ಕಮಲ ಭಕ್ತಿಯಿಂದ ಕುಂಕುಮ ಕಲಸಿ, ಮೂರೂ ಫ್ಲಾಪಿಗಳ ಹೊದಿಕೆಯ ಸಂದಿಯಲ್ಲಿ, ಒಳಗಿನ ತಟ್ಟೆ ಕಾಣುವ ಕಡೆಯೇ ಬೊಟ್ಟಿಟ್ಟಳು. ಮಾರನೆಯ ದಿನ ಫ್ಲಾಪಿ ಹಾಕಿದರೆ ಯಂತ್ರ ಕರ್ ಎಂದು ಸುಮ್ಮನಾಯಿತು. ಕುಂಕುಮ ತಗುಲಿ ಮೂರೂ ಫ್ಲಾಪಿ ಕೆಟ್ಟಿದ್ದವು.

ಸುಧಾ ಅಳಲಿಲ್ಲ. ಅತ್ತವಳು ಕಮಲ. ನನಗೆ ಕೋಪ ನೆತ್ತಿಗೇರಿತ್ತು. ಆದರೆ ಯಾರ ಮೇಲೆ ತೋರಿಸುವುದು? ನನ್ನ ಸ್ಕೂಟರಿಗೂ ಅದೇ ಕೈ ತಾನೆ ಬೊಟ್ಟಿಟ್ಟದ್ದು?

ಜೆ.ಪಿ. ನಗರದ ಗೆಳತಿಯೊಬ್ಬಳ ಮನೆಯಲ್ಲಿ ಮೊದಲೆರಡು ಫ್ಲಾಪಿಗಳ ನಕಲು ಸಿಕ್ಕಿತು. ಮೋಟಾರಿನ ಪ್ರೋಗ್ರಾಂ ಇವಳೇ ಬರೆದದ್ದು, ಅದರ ನಕಲು ಎಲ್ಲಿಂದ ಬರಬೇಕು? ಕಾಲೇಜಿನಲ್ಲಿ ಪ್ರಿಂಟ್ ಮಾಡಿಸಿದ್ದ ಹಾಳೆಗಳಿದ್ದವು. ಅಷ್ಟನ್ನೂ ಮತ್ತೆ ಟೈಪ್ ಮಾಡಬೇಕು, ಒಂದಕ್ಷರ ತಪ್ಪಿದರೂ ಕೈ ಕದಲುವುದಿಲ್ಲ. ಸುಧಾ ಹಾಳೆ ನೋಡುತ್ತ, ಕೀ ಹುಡುಕುತ್ತ, ಸಾಲು ತಪ್ಪಿಸಿಕೊಂಡು ಒದ್ದಾಡುತ್ತಿದ್ದಳು.

ಕಮಲ ಕಣ್ಣೊರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಇಲ್ಲಿ ಕೊಡೇ. ನಾನು ಓದ್ತೀನಿ, ನೀನು ಒತ್ತು."

ಅವಳದು ಎಸ್ಸೆಸ್ಸೆಲ್ಸಿ. ಅರ್ಥ ಒಂದೂ ಗೊತ್ತಿಲ್ಲ. ಆದರೂ ಕಾಮಾ, ಬ್ರ್ಯಾಕೆಟ್ಟು ಒಂದನ್ನೂ ಬಿಡದೆ, ಶುಕ್ರವಾರದ ಹಾಡು ಹೇಳುವ ರಾಗದಲ್ಲಿ ಓದಿದಳು. (ನನ್ನ ಪಾಲಿಗೆ ಬಂದದ್ದು ಅಡುಗೆಮನೆ. ಆ ಸಾರಿನ ಬಗ್ಗೆ ಕೇಳಬೇಡಿ.) ಅಮ್ಮ ಮಗಳು ಇಷ್ಟು ಹೊತ್ತು ಜೊತೆಯಲ್ಲಿ ಕೂತದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

ಭಾನುವಾರ ಸಂಜೆ ಸುಧಾ ಅಪ್ಪಣೆ ಟೈಪ್ ಮಾಡಿದಳು. ತಗಡಿನ ಕೈ ನಡುಗಿತು, ಬಾಗಿತು, ನಿಂಬೆಹಣ್ಣನ್ನು ಹಿಡಿದು ಮೇಲೆತ್ತಿತು. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ? ಕಮಲ ಮಾತ್ರ, "ಇನ್ನೊಂದ್ಸಲ ಮಾಡಿಸೇ" ಎಂದಳು.

ಸೋಮವಾರ ಕಾಲೇಜಿನಲ್ಲೂ ಎತ್ತಿತು. ಪ್ರಾಜೆಕ್ಟು ಸುಧಾಳಿಗೇ ಉಳಿಯಿತು. ಮುಖ್ಯಸ್ಥರು ಮೆಚ್ಚಿಕೊಂಡು, ಮನೆಯಲ್ಲಿ ಯಾರು ಹೆಲ್ಪ್ ಮಾಡಿದ್ದು, ಅಣ್ಣನಾ, ಅಪ್ಪನಾ ಎಂದು ಕೇಳಿದರಂತೆ.

"ನಮ್ಮಮ್ಮ ಸಾರ್."

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತಂತೆ. ನಗುವಂಥದ್ದು ಏನಿತ್ತು ಸ್ವಾಮಿ ಅದರಲ್ಲಿ?