ಪಂಚನಾಮೆಗೆ ನಾನು ಕರೆದ ನಮ್ಮವರು

ನನ್ನ ಸೊಸೆ ಸಪ್ನಾ ರಾಮದಾಸಪೇಠದ ಒಂದು ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಮಾಡುತ್ತಾಳೆ. ರವಿವಾರ ಬಂತೆಂದರೆ ನಮ್ಮ ಲಿಂಗಾಯತ ಸಮಾಜದ ಮುದುಕ ಮುದುಕಿಯರೆಲ್ಲ ಮೊಣಕಾಲು ತೋರಿಸಲು ಧರಮಪೇಠದ ನಮ್ಮ ಮನೆಗೇ ಬರುತ್ತಿದ್ದರು. ಒಂದು ದಿನವೂ ಅವಳು ಮುಖ ಸಿಂಡರಿಸಿದ್ದಿಲ್ಲ.

ಬೆನ್ನುನೋವಿಗೆ ಏನು ವ್ಯಾಯಾಮ ಮಾಡಬೇಕೆಂದು ಅವಳೊಂದು ವಿಡಿಯೋ ಹಾಕಿದ್ದಳು. ಯಾವನೋ ಹಲ್ಕಟ್ ಅದರಿಂದ ಅವಳ ಮುಖ ಎತ್ತಿ, ಕಂಪ್ಯೂಟರಿನಲ್ಲಿ ಇನ್ನಾರದೋ ಬೆತ್ತಲೆ ಮೈಗೆ ಅಂಟಿಸಿ ಬೇರೆಯೇ ವಿಡಿಯೋ ಮಾಡಿದ. ಆಸ್ಪತ್ರೆಯ ಕೆಲವರ ಫೋನಿಗೆ ಅದು ಬಂತು; ಅವರಲ್ಲೊಬ್ಬರು ಅವಳಿಗೂ ಕಳಿಸಿದರು. ಸಪ್ನಾ ಅಳಲಿಲ್ಲ. ಸೀದಾ ಠಾಣೆಗೆ ಹೊರಟಳು. ಅವಳ ಗಂಡ, ನನ್ನ ಮಗ ಕೇದಾರನಾಥ ಬುಟಿಬೋರಿಯ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿದ್ದ, ಹಾಗಾಗಿ ನಾನು ಜೊತೆಗೆ ಹೋದೆ.

ವಿಡಿಯೋ ಇರುವ ಅವಳ ಫೋನು ಜಪ್ತಿ ಮಾಡಲು ಪಂಚನಾಮೆ ಆಗಬೇಕು, ಸಾಕ್ಷಿಗೆ ಇಬ್ಬರು ಪಂಚರು ಬೇಕು ಎಂದರು ಇನ್ಸ್‌ಪೆಕ್ಟರ್. ಎದುರಿನ ಚಹಾದಂಗಡಿಯಿಂದ ಯಾರನ್ನೋ ಕರೆಯುವವರಿದ್ದರು. ನಾನು ಎಡವಿದ್ದು ಇಲ್ಲೇ. ಆಸ್ತಿ ಪಾಲಿರಲಿ, ಮದುವೆ ನಿಶ್ಚಯವಿರಲಿ, ನಮ್ಮಲ್ಲಿ ಪಂಚರೆಂದರೆ ನಮ್ಮ ಹಿರಿಯರು. ಗುರುತಿಲ್ಲದವರು ಯಾಕೆಂದು ಸಮಾಜದ ಅಧ್ಯಕ್ಷ ಉಮಾಪತಿಯವರಿಗೂ ಅವರ ಗೆಳೆಯ ಶಿವಶರಣಪ್ಪನವರಿಗೂ ಫೋನ್ ಮಾಡಿದೆ. ಸಂಬಂಧಿಕರಲ್ಲ ತಾನೆ ಎಂದು ಕೇಳಿ ಇನ್ಸ್‌ಪೆಕ್ಟರ್ ಒಪ್ಪಿದರು. ಇಬ್ಬರೂ ಪಾಪ, ಆಟೋ ಹಿಡಿದು ಬಂದರು. ಅಲ್ಲಿಯವರೆಗೆ ಅವರಿಗೆ ಈ ವಿಷಯದ ಸುಳಿವೇ ಇರಲಿಲ್ಲ.

ಪಂಚರು ಕಣ್ಣಾರೆ ನೋಡಿಯೇ ಸಹಿ ಹಾಕಬೇಕಂತೆ. ಇನ್ಸ್‌ಪೆಕ್ಟರ್ ವಿಡಿಯೋ ಹಚ್ಚಿದರು. ನಾನು ಗೋಡೆ ಕಡೆ ತಿರುಗಿದೆ, ಆದರೆ ಅಷ್ಟರಲ್ಲಿ ಕಣ್ಣಿಗೆ ಬಿದ್ದಾಗಿತ್ತು. ಸಪ್ನಾ ಕುರ್ಚಿಯಲ್ಲಿ ಕೂತೇ ಇದ್ದಳು.

ಮರು ರವಿವಾರದಿಂದ ಮನೆಗೆ ಯಾರೂ ಬರಲಿಲ್ಲ.

ಐದು ತಿಂಗಳಿಗೆ ಪ್ರಯೋಗಾಲಯದ ವರದಿ ಬಂತು: ವಿಡಿಯೋ ನಕಲಿ. ಮಾಡಿದವನು ಇನ್ನೂ ಸಿಕ್ಕಿಲ್ಲ. ವರದಿಯ ಝೆರಾಕ್ಸ್ ತೆಗೆಸಿಕೊಂಡು ಉಮಾಪತಿಯವರ ಮನೆಗೆ ಹೋದೆ.

"ಗೊತ್ತೈತಿ ಬಿಡ್ರಿ, ಆಕಿ ನಮ್ಮ ಮಗಳಿದ್ದಂಗ," ಎಂದರು.

"ಹಂಗಾರ ರವಿವಾರ ಮೊಣಕಾಲು ತೋರ್ಸಾಕ ಬರ್ರಿ."

ಅವರು ಧೋತರವನ್ನು ಕಾಲ ಮೇಲೆ ಸರಿಮಾಡಿಕೊಂಡು, "ಈಗ ಅರಾಮ ಐತ್ರಿ," ಎಂದರು. ಬಾಗಿಲವರೆಗೆ ಗೋಡೆ ಹಿಡಿದು ಕುಂಟುತ್ತ ಬಂದು ಕಳಿಸಿಕೊಟ್ಟರು. ನನಗೆ ಅಲ್ಲಿ ಸಿಟ್ಟೂ ಬರಲಿಲ್ಲ. ಝೆರಾಕ್ಸ್ ಮಡಚಿ ಜೇಬಿಗಿಟ್ಟು ಹೊರಟೆ.

ಮನೆಗೆ ಬಂದು ಊಟಕ್ಕೆ ಕೂತಾಗ ಅವರನ್ನು ಬೈಯಲು ಶುರುಮಾಡಿದೆ. ಸಪ್ನಾ ರೊಟ್ಟಿ ಬಡಿಸುತ್ತ, ದನಿ ಏರಿಸದೆ ಹೇಳಿದಳು:

"ಅವರನ್ನ ಯಾಕ ಬೈತೀರಿ ಮಾವಾರ? ನೀವು ನನ್ನ ಮಾರಿ ನೋಡಿ ಮಾತಾಡಿ ಐದು ತಿಂಗಳಾತು."

"ಹಂಗೇನಿಲ್ಲವ್ವಾ," ಎಂದೆ, ತಟ್ಟೆ ನೋಡುತ್ತಲೇ.